ಆಟಕ್ಕೆ ಬೀಗ ಬಿದ್ದರೂ ಪರೀಕ್ಷೆಗೆ ಬೀಳದಿರಲಿ: ಬೇಸ್‌ಬಾಲ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ರಾಬ್ ಮ್ಯಾನ್‌ಫ್ರೆಡ್, ಕಮಿಷನರ್, ಮೇಜರ್ ಲೀಗ್ ಬೇಸ್‌ಬಾಲ್, ನ್ಯೂಯಾರ್ಕ್
ಹಾಗೂ
ಕಾರ್ಯನಿರ್ವಾಹಕ ನಿರ್ದೇಶಕರು, ಮೇಜರ್ ಲೀಗ್ ಬೇಸ್‌ಬಾಲ್ ಆಟಗಾರರ ಸಂಘ, ನ್ಯೂಯಾರ್ಕ್

ವಿಷಯ: 2026ರ ಡಿಸೆಂಬರ್ 1ರ ನಂತರವೂ ಉದ್ದೀಪನ ಮದ್ದಿನ ಪರೀಕ್ಷೆ ಒಂದು ದಿನವೂ ನಿಲ್ಲದಂತೆ ನೋಡಿಕೊಳ್ಳುವ ಬಗ್ಗೆ

ಮಾನ್ಯರೇ,

ನಿಮ್ಮಿಬ್ಬರ ನಡುವಿನ ಸಾಮೂಹಿಕ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಒಪ್ಪಂದಕ್ಕೆ ಸಹಿ ಬೀಳದಿದ್ದರೆ ಕ್ಲಬ್ ಮಾಲೀಕರು ಆಟಗಾರರನ್ನು ಹೊರಗಿಟ್ಟು ಮತ್ತೆ ಬೀಗಮುದ್ರೆ (ಲಾಕೌಟ್) ಹಾಕಬಹುದು ಎಂಬ ಮಾತು ಬಹಳ ದಿನಗಳಿಂದ ಓಡಾಡುತ್ತಿದೆ. ಸಂಬಳಕ್ಕೆ ಮಿತಿ ಇರಬೇಕೇ, ಲಾಭದಲ್ಲಿ ಯಾರಿಗೆಷ್ಟು ಪಾಲು ಎಂಬ ಜಗಳ ನಿಮ್ಮದು. ಅದರಲ್ಲಿ ಯಾರ ಪರವಾಗಿಯೂ ಈ ಪತ್ರ ಬರೆದಿಲ್ಲ. ಆ ಜಗಳ ನಡೆಯುವಾಗ ಇನ್ನೊಂದು ಕೆಲಸ ಸದ್ದಿಲ್ಲದೆ ನಿಂತುಹೋಗುತ್ತದೆ. ಹಿಂದಿನ ಸಲವೂ ನಿಂತಿತ್ತು. ಈ ಪತ್ರ ಅದರ ಬಗ್ಗೆ.

ನ್ಯೂಯಾರ್ಕಿನ ಕಚೇರಿಗೆ ಕನ್ನಡದಲ್ಲಿ ಪತ್ರವೇಕೆ ಎಂದು ಯಾರಾದರೂ ಕೇಳಬಹುದು. ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾವರೆಗೆ ಕನ್ನಡ ಮಾತನಾಡುವ ಮನೆಗಳಲ್ಲಿ ಮಕ್ಕಳು ಕ್ರಿಕೆಟ್ ಬ್ಯಾಟಿನ ಪಕ್ಕದಲ್ಲೇ ಬೇಸ್‌ಬಾಲ್ ಗ್ಲೌಸ್ ಇಟ್ಟುಕೊಂಡು ಬೆಳೆಯುತ್ತಿದ್ದಾರೆ. ಬಹಿರಂಗ ಪತ್ರದ ವಿಳಾಸದಲ್ಲಿ ಇರುವವರು ಒಬ್ಬರು, ಓದುವವರು ಇನ್ನೊಬ್ಬರು, ಇದು ಹೊಸದೇನಲ್ಲ.

ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇವೆ. 2021ರ ಡಿಸೆಂಬರ್ 2ರಂದು ಮಾಲೀಕರು ಲಾಕೌಟ್ ಘೋಷಿಸಿದರು. 2022ರ ಮಾರ್ಚ್ 10ರಂದು ಅದು ಮುಗಿಯಿತು. ಒಟ್ಟು 99 ದಿನ. ಉದ್ದೀಪನ ಮದ್ದಿನ ಜಂಟಿ ಒಪ್ಪಂದವನ್ನು ನೀವು ಸಾಮೂಹಿಕ ಒಪ್ಪಂದದ ಬಾಲಕ್ಕೆ ಕಟ್ಟಿರುವುದರಿಂದ, ತಲೆ ಹೋದಾಗ ಬಾಲವೂ ಹೋಯಿತು. ಮೇಜರ್ ಲೀಗ್ ಆಟಗಾರರಿಂದ ಮೂತ್ರ, ರಕ್ತ ಯಾವುದರ ಮಾದರಿಯನ್ನೂ ತೆಗೆದುಕೊಳ್ಳಲಿಲ್ಲ. ಸುಮಾರು ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಪರೀಕ್ಷೆ ಸಂಪೂರ್ಣವಾಗಿ ಬಂದ್ ಆಗಿತ್ತು. ಒಂದೊಂದು ಕ್ಲಬ್ಬಿಗೂ ನಲವತ್ತು ಜನರ ಪಟ್ಟಿ, ಒಟ್ಟು 30 ಕ್ಲಬ್. ಅಂದರೆ 1,200 ಜನರ ಮೇಲಿನ ಕಣ್ಗಾವಲು ಒಂದೇ ಮಧ್ಯರಾತ್ರಿ ಎದ್ದುಹೋಯಿತು.

ಆದರೆ ಎಲ್ಲರ ಮೇಲಿನದೂ ಅಲ್ಲ. ಆ ಪಟ್ಟಿಯ ಹೊರಗೆ ಮೈನರ್ ಲೀಗ್ (ಮೇಜರ್ ಲೀಗಿಗೆ ಆಟಗಾರರನ್ನು ಅಣಿಗೊಳಿಸುವ ಕೆಳಹಂತದ ಲೀಗ್) ಕರಾರಿನಲ್ಲಿದ್ದ ಹುಡುಗರ ಪರೀಕ್ಷೆ ನಿಲ್ಲಲಿಲ್ಲ. ಅವರಿಗೆ ಆಗ ಸಂಘವೇ ಇರಲಿಲ್ಲ. 2001ರಲ್ಲಿ ಕಮಿಷನರ್ ಕಚೇರಿ ಏಕಪಕ್ಷೀಯವಾಗಿ ಹೇರಿದ ನಿಯಮ ಅವರ ತಲೆಯ ಮೇಲೆ ಹಾಗೆಯೇ ಇತ್ತು. 2022ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ 7 ಲಕ್ಷ ಡಾಲರ್. ಮೈನರ್ ಲೀಗಿನ ಮೇಲ್ದರ್ಜೆಯ ಆಟಗಾರನಿಗೆ, ಅದೂ 2023ರ ಹೊಸ ಒಪ್ಪಂದ ಬಂದ ಮೇಲೆ, ವರ್ಷಕ್ಕೆ 35,800. ಕಡಿಮೆ ದುಡಿಯುವವನ ಮನೆಗೆ ಮಾದರಿ ಸಂಗ್ರಹಿಸುವವರು ಬಂದರು, ಹೆಚ್ಚು ದುಡಿಯುವವನ ಮನೆಗೆ ಬರಲಿಲ್ಲ. ಇದು ನೀವು ಇಬ್ಬರೂ ಸೇರಿ ಒಪ್ಪಿಕೊಂಡ ವ್ಯವಸ್ಥೆ ಎಂದು ನೆನಪಿಸಬೇಕಾಗಿದೆ.

99 ದಿನದಲ್ಲಿ ಏನು ಮಹಾ ಆದೀತು ಎಂದು ಅಂದುಕೊಳ್ಳುವವರಿಗೆ ಲೆಕ್ಕ ಕೊಡಬಹುದು. 1996ರಲ್ಲಿ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು 43 ಗಂಡಸರ ಮೇಲೆ ನಡೆಸಿದ ಪ್ರಯೋಗ ಈ ಕ್ಷೇತ್ರದವರಿಗೆಲ್ಲ ಗೊತ್ತು. ನಾಲ್ಕು ಗುಂಪು: ಟೆಸ್ಟೋಸ್ಟಿರಾನ್ (ಸ್ನಾಯು ಬೆಳೆಸುವ ಗಂಡು ಹಾರ್ಮೋನು) ಮತ್ತು ವ್ಯಾಯಾಮ ಎರಡೂ ಇದ್ದವರು, ಒಂದು ಮಾತ್ರ ಇದ್ದವರು, ಎರಡೂ ಇಲ್ಲದವರು. ಪ್ರಯೋಗದ ಅವಧಿ 10 ವಾರ, ಅಂದರೆ 70 ದಿನ. ಬರೀ ವ್ಯಾಯಾಮ ಮಾಡಿದವರ ಕೊಬ್ಬಿಲ್ಲದ ತೂಕ ಸುಮಾರು 2 ಕಿಲೊ ಏರಿತು. ವ್ಯಾಯಾಮವೇ ಮಾಡದೆ ಸುಮ್ಮನೆ ಚುಚ್ಚಿಸಿಕೊಂಡವರದು 3 ಕಿಲೊ ದಾಟಿತು. ಎರಡನ್ನೂ ಮಾಡಿದವರದು 6 ಕಿಲೊ ಮೀರಿತು. ನಿಮ್ಮ ಲಾಕೌಟ್ ಈ ಪ್ರಯೋಗಕ್ಕಿಂತ 29 ದಿನ ಉದ್ದವಿತ್ತು. ಜೊತೆಗೆ ಅದು ಬಿದ್ದದ್ದು ಡಿಸೆಂಬರಿನಿಂದ ಮಾರ್ಚಿನವರೆಗೆ, ಆಟಗಾರರು ಮೈ ಕಟ್ಟಿಕೊಳ್ಳುವ ಕಾಲದಲ್ಲೇ.

ಮದ್ದು ಬಿಟ್ಟ ಮೇಲೆ ಫಲವೂ ಹೋಗುತ್ತದಲ್ಲ ಎಂಬ ವಾದವಿದೆ. ಅದೂ ಪೂರ್ತಿ ನಿಜವಲ್ಲ. ಓಸ್ಲೊ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಲಿಗಳಿಗೆ ಎರಡು ವಾರ ಟೆಸ್ಟೋಸ್ಟಿರಾನ್ ಕೊಟ್ಟು ನಿಲ್ಲಿಸಿದರು. ಸ್ನಾಯುವಿನ ಗಾತ್ರ ಮೊದಲಿನಂತಾಯಿತು. ಆದರೆ ಸ್ನಾಯುಕೋಶಗಳೊಳಗೆ ಹೊಸದಾಗಿ ಸೇರಿದ್ದ ಕೋಶಕೇಂದ್ರಗಳು ಮೂರು ತಿಂಗಳಾದರೂ ಅಲ್ಲೇ ಇದ್ದವು. ಮತ್ತೆ ಭಾರ ಹೊರಿಸಿದಾಗ ಆ ಇಲಿಗಳ ಸ್ನಾಯು ಆರೇ ದಿನದಲ್ಲಿ ಶೇ 30ರಷ್ಟು ಬೆಳೆಯಿತು. ಮದ್ದು ಕಾಣದ ಇಲಿಗಳಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಅಷ್ಟೇ ಪ್ರಮಾಣದಲ್ಲಿ ನಡೆಯುತ್ತದೆ ಎಂದು ಹೇಳಲಾಗದು. ಆದರೆ ಚಳಿಗಾಲದಲ್ಲಿ ಹಾಕಿದ ಗೊಬ್ಬರ ಬೇಸಿಗೆಯ ಪೈರಿಗೂ ಸಿಗುತ್ತದೆ ಎಂಬ ಅನುಮಾನಕ್ಕೆ ಬಲವಾದ ಆಧಾರ ಅದರಲ್ಲಿದೆ.

ಇನ್ನು ಬೇಸ್‌ಬಾಲಿನಲ್ಲಿ ಅಷ್ಟು ಬಲ ಬಂದು ಆಗುವುದೇನು, ಚೆಂಡಿಗೆ ಬ್ಯಾಟ್ ತಾಗಿಸುವುದು ಕಣ್ಣು-ಕೈಗಳ ಕೆಲಸವಲ್ಲವೇ ಎನ್ನುತ್ತಾರೆ. ಟಫ್ಟ್ಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ರೋಜರ್ ಟೋಬಿನ್ 2008ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹೋಂರನ್, ಅಂದರೆ ಕ್ರಿಕೆಟ್ಟಿನ ಸಿಕ್ಸರಿನಂತೆ ಮೈದಾನದ ಬೇಲಿ ದಾಟುವ ಹೊಡೆತ, ಬೇಲಿಯ ಅಂಚಿನ ವ್ಯವಹಾರ. ಬೇಲಿಗೆ ಹತ್ತು ಅಡಿ ಮೊದಲು ಕೈಗೆ ಸಿಕ್ಕುವ ಚೆಂಡುಗಳು ಬಹಳ. ಬ್ಯಾಟಿನಿಂದ ಹೊರಟ ಚೆಂಡಿನ ವೇಗ ಶೇ 4ರಷ್ಟು ಏರಿದರೂ ಆ ಚೆಂಡುಗಳಲ್ಲಿ ಬಹುಪಾಲು ಬೇಲಿ ದಾಟುತ್ತವೆ. ಹೋಂರನ್ ಪ್ರಮಾಣ ಅರ್ಧದಷ್ಟು ಹೆಚ್ಚಬಹುದು. ಕೌಶಲ ಮೊದಲೇ ಇದ್ದವನಿಗೆ ಸ್ವಲ್ಪ ಬಲವೇ ಸಾಕು. ಚೆಂಡೆಸೆಯುವ ಪಿಚರ್‌ಗಳ ವಿಷಯದಲ್ಲಿ ಲಾಭ ಬೇರೆ ರೀತಿಯದು. ಸುಮಾರು 185 ದಿನಗಳಲ್ಲಿ 162 ಪಂದ್ಯ ಆಡುವ ಆಟದಲ್ಲಿ ದಣಿದ ತೋಳು ಒಂದು ದಿನ ಮುಂಚೆ ಚೇತರಿಸಿಕೊಂಡರೂ ಅದು ಸಂಬಳ.

ಪರೀಕ್ಷೆ ಒಮ್ಮೆ ನಿಂತು ಮತ್ತೆ ಶುರುವಾದಾಗ ಎಲ್ಲಿ ಸೋರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ “ಮಾರ್ಚಿನಲ್ಲಿ ಎಲ್ಲರನ್ನೂ ಪರೀಕ್ಷೆ ಮಾಡಿದೆವಲ್ಲ” ಎಂಬುದೇ ನಿಮ್ಮ ಉತ್ತರವಾಗಿರುತ್ತದೆ. ಮೂತ್ರದಲ್ಲಿ ಟೆಸ್ಟೋಸ್ಟಿರಾನ್ ಮತ್ತು ಅದರ ಜೊತೆಗಾರ ಎಪಿಟೆಸ್ಟೋಸ್ಟಿರಾನ್ ಇವೆರಡರ ಅನುಪಾತ ನೋಡುತ್ತಾರೆ. ಹೆಚ್ಚಿನ ಜನರಲ್ಲಿ ಅದು 1:1ರ ಆಸುಪಾಸು. 4:1 ದಾಟಿದರೆ ಅನುಮಾನ. ಹೊರಗಿನಿಂದ ತೆಗೆದುಕೊಂಡ ಹಾರ್ಮೋನು ಮೊದಲನೆಯದನ್ನು ಮಾತ್ರ ಏರಿಸುತ್ತದೆ. ಆದರೆ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಬಾಯಲ್ಲಿಟ್ಟು ಕರಗಿಸುವ ಬಿಲ್ಲೆಯ ಸಣ್ಣ ಪ್ರಮಾಣ ಬೇಗ ಇಳಿದುಹೋಗುತ್ತದೆ. ಫ್ಲಾರಿಡಾದ ಬಯೋಜೆನೆಸಿಸ್ ಚಿಕಿತ್ಸಾಲಯದ ಆಂಥನಿ ಬಾಷ್ ಆಟಗಾರರಿಗೆ ಕೊಡುತ್ತಿದ್ದದ್ದು ಇಂಥ ಬಿಲ್ಲೆಗಳನ್ನೇ. ಅವರಲ್ಲಿ ಬಹುತೇಕರು ಸಿಕ್ಕಿಬಿದ್ದದ್ದು ಮೂತ್ರದಿಂದಲ್ಲ, 2013ರ ಜನವರಿಯಲ್ಲಿ ಪತ್ರಿಕೆಗೆ ಸಿಕ್ಕ ಅವನ ಲೆಕ್ಕದ ಪುಸ್ತಕಗಳಿಂದ.

ಇದಲ್ಲದೆ ಕೆಲವರ ದೇಹದಲ್ಲಿ ಯುಜಿಟಿ2ಬಿ17 ಎಂಬ ವಂಶವಾಹಿಯೇ ಇರುವುದಿಲ್ಲ. ಪೂರ್ವ ಏಷ್ಯಾದ ಜನರಲ್ಲಿ ಇದು ಹೆಚ್ಚು. ಅಂಥವರ ಅನುಪಾತ ಹುಟ್ಟಿನಿಂದಲೇ ಎಷ್ಟು ಕೆಳಗಿರುತ್ತದೆಂದರೆ ಮದ್ದು ತೆಗೆದುಕೊಂಡರೂ 4 ಮುಟ್ಟದೇ ಹೋಗಬಹುದು. ಅದಕ್ಕಾಗಿಯೇ 2013ರಿಂದ ನೀವು ಪ್ರತಿ ಆಟಗಾರನದೂ ಪ್ರತ್ಯೇಕ ದೀರ್ಘಕಾಲದ ದಾಖಲೆ ಇಡಲು ಒಪ್ಪಿದಿರಿ: ಅವನನ್ನು ಇನ್ನೊಬ್ಬನೊಂದಿಗಲ್ಲ, ಅವನ ಹಿಂದಿನ ಮಾದರಿಗಳೊಂದಿಗೇ ಹೋಲಿಸುವುದು. ಒಳ್ಳೆಯ ಕ್ರಮ. ಆದರೆ ಆ ದಾಖಲೆಯ ಜೀವ ಇರುವುದು ಎಡೆಬಿಡದ ಮಾದರಿಗಳಲ್ಲಿ. ನಡುವೆ 99 ದಿನದ ರಂಧ್ರ ಬಿಟ್ಟರೆ ರೇಖೆ ಎಲ್ಲಿ ಬಾಗಿತು ಎಂದು ಹೇಳುವವರು ಯಾರು?

ಅನುಮಾನ ಬಂದ ಮಾದರಿಯನ್ನು ಇಂಗಾಲದ ಐಸೊಟೋಪ್ ಪರೀಕ್ಷೆಗೆ ಕಳಿಸುತ್ತಾರೆ. ಕಾರ್ಖಾನೆಯ ಟೆಸ್ಟೋಸ್ಟಿರಾನ್ ತಯಾರಾಗುವುದು ಸೋಯಾದಂಥ ಗಿಡಗಳ ಸತ್ವದಿಂದ, ಹಾಗಾಗಿ ಅದರಲ್ಲಿ ಇಂಗಾಲ-13ರ ಪಾಲು ದೇಹದ್ದಕ್ಕಿಂತ ಕಡಿಮೆ. ಇದು ಬಹಳ ಖಚಿತವಾದ, ಬಹಳ ದುಬಾರಿಯಾದ ಪರೀಕ್ಷೆ. ಆದರೆ ಮದ್ದು ಮೈಯಲ್ಲಿದ್ದಾಗ ತೆಗೆದ ಮಾದರಿ ಸಿಕ್ಕರೆ ಮಾತ್ರ ಅದರಿಂದ ಪ್ರಯೋಜನ. ಬೆಳವಣಿಗೆಯ ಹಾರ್ಮೋನಿನ ಕಥೆ ಇನ್ನೂ ಇಕ್ಕಟ್ಟು. ರಕ್ತದಲ್ಲಿ ಅದರ ನೈಸರ್ಗಿಕ ರೂಪಗಳ ಪ್ರಮಾಣವನ್ನು ಅಳೆಯುವ ವಿಧಾನ ಹಿಡಿಯುವುದು ಒಂದೆರಡು ದಿನದೊಳಗಿನ ಬಳಕೆಯನ್ನು ಮಾತ್ರ. ಡಿಸೆಂಬರಿನಲ್ಲಿ ತೆಗೆದುಕೊಂಡದ್ದನ್ನು ಮಾರ್ಚಿನ ಸೂಜಿ ಹೇಗೆ ಕಂಡೀತು?

ನಿಮ್ಮ ಆಕ್ಷೇಪಣೆಗಳು ನಮಗೆ ಗೊತ್ತಿಲ್ಲದವಲ್ಲ. ಕಮಿಷನರ್ ಕಚೇರಿ ಹೇಳುವುದು: ಪರೀಕ್ಷೆ ಕಾರ್ಮಿಕ ಕಾನೂನಿನ ಪ್ರಕಾರ ಮಾತುಕತೆಯಲ್ಲೇ ತೀರ್ಮಾನವಾಗಬೇಕಾದ ವಿಷಯ, ಒಪ್ಪಂದವಿಲ್ಲದೆ ನಾವು ಆಟಗಾರನ ಬಾಗಿಲು ತಟ್ಟುವಂತಿಲ್ಲ. ಸರಿ. ಆದರೆ ಆ ಒಪ್ಪಂದದ ಕೊನೆಯ ದಿನವನ್ನು ಇನ್ನೊಂದು ಒಪ್ಪಂದದ ಕೊನೆಯ ದಿನಕ್ಕೆ ಗಂಟು ಹಾಕಿದ್ದು ಕಾನೂನಲ್ಲ, ನೀವು. ಎರಡೂ ಕಡೆಯವರು ಕೂತು “ಹೊಸ ಜಂಟಿ ಒಪ್ಪಂದ ಬರುವವರೆಗೆ ಹಳೆಯದೇ ಮುಂದುವರಿಯುತ್ತದೆ” ಎಂದು ಒಂದು ಪುಟ ಬರೆದು ಸಹಿ ಹಾಕಿದರೆ ಗಂಟು ಬಿಚ್ಚುತ್ತದೆ. ಪರೀಕ್ಷೆ ನಡೆಸುವವರು ಹೇಗೂ ಕ್ಲಬ್ಬಿನವರಲ್ಲ, ಸ್ವತಂತ್ರ ಆಡಳಿತಾಧಿಕಾರಿ. ಲಾಕೌಟಿನಲ್ಲಿ ಕ್ಲಬ್ ಮತ್ತು ಆಟಗಾರ ಮಾತನಾಡಬಾರದೆಂಬ ನಿಯಮಕ್ಕೆ ಇದರಿಂದ ಧಕ್ಕೆಯಿಲ್ಲ.

ಸಂಘದ ಅಳುಕು ಬೇರೆ, ಅದಕ್ಕೆ ನ್ಯಾಯವಾದ ಕಾರಣವೂ ಇದೆ. 2003ರಲ್ಲಿ ಹೆಸರು ಬಹಿರಂಗವಾಗುವುದಿಲ್ಲ ಎಂಬ ಭರವಸೆ ಕೊಟ್ಟು ಸಮೀಕ್ಷೆ ಪರೀಕ್ಷೆ ನಡೆಸಿದರು. ಶೇ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಸಿಕ್ಕರೆ ಮುಂದಿನ ವರ್ಷದಿಂದ ಕಡ್ಡಾಯ ಪರೀಕ್ಷೆ ಎಂಬ ಷರತ್ತಿತ್ತು. ಆ ವರ್ಷ ಪರೀಕ್ಷೆ ಇದೆ ಎಂದು ಮೊದಲೇ ಗೊತ್ತಿದ್ದೂ ಶೇ 5ರಿಂದ 7ರಷ್ಟು ಸಿಕ್ಕಿತು ಎನ್ನುವುದು ಬೇರೆ ಮಾತು. ಆದರೆ ನಾಶವಾಗಬೇಕಿದ್ದ ಆ ಪಟ್ಟಿ ನಾಶವಾಗಲಿಲ್ಲ. ಬಾಲ್ಕೊ (ಕ್ರೀಡಾಪಟುಗಳಿಗೆ ಮದ್ದು ಪೂರೈಸಿದ ಕ್ಯಾಲಿಫೋರ್ನಿಯಾದ ಕಂಪನಿ) ಪ್ರಕರಣದ ತನಿಖೆಯಲ್ಲಿದ್ದ ಸರ್ಕಾರಿ ಅಧಿಕಾರಿಗಳು 2004ರಲ್ಲಿ ಅದನ್ನು ಎತ್ತಿಕೊಂಡು ಹೋದರು. 2009ರಲ್ಲಿ ತಾರಾ ಆಟಗಾರ ಅಲೆಕ್ಸ್ ರಾಡ್ರಿಗಸ್ ಹೆಸರು ಪತ್ರಿಕೆಯಲ್ಲಿ ಬಂತು, ಆಮೇಲೆ ಇನ್ನೂ ಕೆಲವರದು. ಆ ವಶಪಡಿಕೆಯೇ ಅಕ್ರಮ ಎಂದು ಮೇಲ್ಮನವಿ ನ್ಯಾಯಾಲಯ ಹೇಳುವ ಹೊತ್ತಿಗೆ ಮಾನ ಹೋದವರ ಮಾನ ಹೋಗಿತ್ತು. ಒಮ್ಮೆ ಕೈ ಸುಟ್ಟುಕೊಂಡ ಸಂಘ ಮತ್ತೆ ಹೆಸರುಗಳನ್ನು ಇನ್ನೊಬ್ಬರ ಕೈಗೆ ಕೊಡಲು ಹಿಂಜರಿದರೆ ತಪ್ಪೆನ್ನಲಾಗದು. ಇದಕ್ಕೆ ದಾರಿ ಪರೀಕ್ಷೆ ನಿಲ್ಲಿಸುವುದಲ್ಲ. ಮಾದರಿಗೆ ಸಂಖ್ಯೆ ಮಾತ್ರ ಇರಲಿ, ಸಂಖ್ಯೆಯನ್ನು ಹೆಸರಿಗೆ ಜೋಡಿಸುವ ಕೀಲಿ ಎರಡು ಭಾಗವಾಗಿ ಎರಡು ಕಡೆ ಇರಲಿ, ನೆಗೆಟಿವ್ ಬಂದ ದಾಖಲೆಯ ಕೀಲಿಯನ್ನು ಯಾವ ದಿನ ಅಳಿಸಬೇಕೆಂದು ಒಪ್ಪಂದದಲ್ಲೇ ಬರೆದಿರಲಿ. 2003ರಲ್ಲಿ ಕೈಕೊಟ್ಟದ್ದು ಆ ಕೊನೆಯ ಹೆಜ್ಜೆ.

ನಿಮ್ಮ ಆಟದ ಇತಿಹಾಸವನ್ನು ನಿಮಗೇ ಹೇಳುವುದು ಉದ್ಧಟತನ. ಆದರೂ ಕ್ರಮವಾಗಿ ಜೋಡಿಸಿ ನೋಡಿ. 1991ರಲ್ಲಿ ಕಮಿಷನರ್ ಫೇ ವಿನ್ಸೆಂಟ್ ಸ್ಟೀರಾಯ್ಡ್ ನಿಷಿದ್ಧ ಎಂದು ಸುತ್ತೋಲೆ ಕಳಿಸಿದರು, ಪರೀಕ್ಷೆ ಇರಲಿಲ್ಲ. 1998ರ ಆಗಸ್ಟಿನಲ್ಲಿ ಬ್ಯಾಟರ್ ಮಾರ್ಕ್ ಮೆಗ್ವೈರ್ ಲಾಕರಿನಲ್ಲಿ ಆಂಡ್ರೊಸ್ಟೀನ್‌ಡಯೋನ್ (ದೇಹದಲ್ಲಿ ಟೆಸ್ಟೋಸ್ಟಿರಾನ್ ಆಗಿ ಬದಲಾಗುವ ವಸ್ತು) ಬಾಟಲಿಯನ್ನು ವರದಿಗಾರರೊಬ್ಬರು ಕಂಡು ಬರೆದರೆ ಬೈಗುಳ ಬಿದ್ದದ್ದು ವರದಿಗಾರರಿಗೆ; ಆ ವರ್ಷ ಮೆಗ್ವೈರ್ ಅವರ 70 ಹೋಂರನ್ನಿನ ಸಂಭ್ರಮ ನಡೆದಿತ್ತು. 2002ರಲ್ಲಿ ಮಾಜಿ ಆಟಗಾರ ಕೆನ್ ಕ್ಯಾಮಿನಿಟಿ ತಾನು ಸ್ಟೀರಾಯ್ಡ್ ಬಳಸಿದ್ದಾಗಿ ಬಾಯಿ ಬಿಟ್ಟ ಮೇಲೆ ಸಮೀಕ್ಷೆ ಬಂತು. 2004ರಲ್ಲಿ ಮೊದಲ ಸಲ ಸಿಕ್ಕವನಿಗೆ ಅಮಾನತೇ ಇರಲಿಲ್ಲ. 2005ರ ಆರಂಭದಲ್ಲಿ 10 ದಿನ. ಅಮೆರಿಕದ ಸಂಸತ್ತು ಕರೆದು ಕೂರಿಸಿದ ಮೇಲೆ ಅದೇ ವರ್ಷದ ಕೊನೆಗೆ 50 ಪಂದ್ಯ. 2007ರ ಡಿಸೆಂಬರಿನಲ್ಲಿ ಬೇಸ್‌ಬಾಲಿನ ಮದ್ದು ಬಳಕೆಯ ಬಗ್ಗೆ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಕೊಟ್ಟ 409 ಪುಟಗಳ ವರದಿ. ಬಯೋಜೆನೆಸಿಸ್ ಬಯಲಾದ ಮೇಲೆ 2014ರಲ್ಲಿ 80 ಪಂದ್ಯ, ಎರಡನೇ ಸಲ 162, ಮೂರನೆಯದಕ್ಕೆ ಶಾಶ್ವತ ನಿಷೇಧ. ಪ್ರತಿ ಸಲವೂ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆಯೇ. ಈ ಸಲ ಬಾಗಿಲು ಯಾವ ದಿನ ತೆರೆದುಕೊಳ್ಳುತ್ತದೆ ಎಂದು ತಾರೀಖು ಸಮೇತ ಗೊತ್ತಿದೆ.  

ಆದ್ದರಿಂದ ನಮ್ಮ ಮೊದಲ ಬೇಡಿಕೆ: ಜಂಟಿ ಮದ್ದು ಒಪ್ಪಂದವನ್ನು ಸಾಮೂಹಿಕ ಒಪ್ಪಂದದಿಂದ ಬೇರ್ಪಡಿಸುವ ಪೂರಕ ಪತ್ರಕ್ಕೆ ಡಿಸೆಂಬರ್ 1ಕ್ಕೆ ಮೊದಲೇ ಸಹಿ ಹಾಕಿ. 2016ರ ಮಾತುಕತೆಯಲ್ಲಿ ಋತುವಿನಾಚೆಯ ಮೂತ್ರ ಮಾದರಿಗಳನ್ನು 350ರಿಂದ 1,550ಕ್ಕೆ, ರಕ್ತದ ಮಾದರಿಗಳನ್ನು 140ರಿಂದ 400ಕ್ಕೆ ಏರಿಸಿದವರು ನೀವೇ. ಚಳಿಗಾಲ ಮುಖ್ಯ ಎಂದು ಒಪ್ಪಿಯೇ ಏರಿಸಿದಿರಿ. ಒಂದು ವೇಳೆ ಯಾವುದೇ ಕಾರಣಕ್ಕೆ ಪರೀಕ್ಷೆ ನಿಲ್ಲುವಂತಿದ್ದರೆ, ನವೆಂಬರಿನ ಕೊನೆಯ ವಾರ ಎಲ್ಲ 1,200 ಜನರ ಮೂತ್ರ-ರಕ್ತ ತೆಗೆದು ಶೈತ್ಯಾಗಾರದಲ್ಲಿಡಿ. ಬೀಗ ತೆರೆದ 72 ಗಂಟೆಯೊಳಗೆ, ಅಂದರೆ ಶಿಬಿರಕ್ಕೆ ಬರುವುದಕ್ಕೂ ಮೊದಲು, ಮತ್ತೊಮ್ಮೆ ತೆಗೆದು ಎರಡನ್ನೂ ಹೋಲಿಸಿ. ಅನುಪಾತ 4 ದಾಟಿದವರದು ಮಾತ್ರವಲ್ಲ, ಆ ಎರಡನೇ ಸುತ್ತಿನ ಎಲ್ಲ ಮಾದರಿಗಳಿಗೂ ಐಸೊಟೋಪ್ ಪರೀಕ್ಷೆ ನಡೆಯಲಿ. ಬೆಳವಣಿಗೆಯ ಹಾರ್ಮೋನಿಗೆ ರಕ್ತದಲ್ಲಿ ಹೆಚ್ಚು ದಿನ ಉಳಿಯುವ ಐಜಿಎಫ್-1ರಂಥ ಗುರುತುಗಳನ್ನು ನೋಡುವ ವಿಧಾನವನ್ನು ಬಳಸಿ.

ಮಾದರಿ ಸಾಗಿಸುವ ಸರಪಳಿಯ ಬಗ್ಗೆಯೂ ಎಚ್ಚರ ಬೇಕು. 2011ರ ಅಕ್ಟೋಬರ್ 1, ಶನಿವಾರ ಸಂಜೆ ಆಟಗಾರ ರಯಾನ್ ಬ್ರಾನ್ ಕೊಟ್ಟ ಮಾದರಿ ಅದೇ ದಿನ ಕೊರಿಯರ್ ಸೇರಬೇಕಿತ್ತು. ಅಂಗಡಿ ಮುಚ್ಚಿದೆ ಎಂದುಕೊಂಡ ಸಂಗ್ರಾಹಕರು ಅದನ್ನು ಮನೆಯಲ್ಲಿಟ್ಟುಕೊಂಡು ಸೋಮವಾರ ಕಳಿಸಿದರು. ಸುಮಾರು 44 ಗಂಟೆ. ಸೀಲು ಒಡೆದಿರಲಿಲ್ಲ, ಆದರೂ ಮಧ್ಯಸ್ಥಗಾರ ಶ್ಯಾಮ್ ದಾಸ್ ನಿಯಮ ಮುರಿದಿದೆ ಎಂದು ಅಮಾನತು ರದ್ದು ಮಾಡಿದರು. ಮೂರು ತಿಂಗಳೊಳಗೆ ಲೀಗ್ ದಾಸ್ ಅವರನ್ನೇ ಕೆಲಸದಿಂದ ತೆಗೆಯಿತು. ಬ್ರಾನ್ ಮುಂದೆ 2013ರಲ್ಲಿ ಬಯೋಜೆನೆಸಿಸ್ ಪ್ರಕರಣದಲ್ಲಿ 65 ಪಂದ್ಯಗಳ ಅಮಾನತು ಒಪ್ಪಿಕೊಂಡದ್ದು ಎಲ್ಲರಿಗೂ ಗೊತ್ತು. ಲಾಕೌಟ್ ಕಾಲದಲ್ಲಿ ಆಟಗಾರರು ದೊಮಿನಿಕನ್ ಗಣರಾಜ್ಯ, ವೆನೆಜುವೆಲಾ, ಜಪಾನ್ ಹೀಗೆ ಚದುರಿರುತ್ತಾರೆ. ಅಲ್ಲಿಂದ ಪ್ರಯೋಗಾಲಯಕ್ಕೆ ಮಾದರಿ ತಲುಪುವ ಸಮಯ, ಇಡಬೇಕಾದ ಉಷ್ಣತೆ, ವಾರಾಂತ್ಯದಲ್ಲಿ ಕೊಡಬೇಕಾದ ಸ್ಥಳ ಇವನ್ನು ಕಾಗದದ ಮೇಲೆ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಇನ್ನೊಂದು 44 ಗಂಟೆಯ ಕಥೆ ಖಚಿತ.

ಎರಡನೆಯದು ದುಡ್ಡಿನ ವಿಷಯ. ಸಿಕ್ಕಿಬಿದ್ದ ಆಟಗಾರ ಅಮಾನತಿನ ದಿನಗಳ ಸಂಬಳ ಕಳೆದುಕೊಳ್ಳುತ್ತಾನೆ, ಕರಾರು ಉಳಿಯುತ್ತದೆ. ಮೆಲ್ಕಿ ಕಬ್ರೆರಾ 2012ರ ಆಗಸ್ಟಿನಲ್ಲಿ ಸಿಕ್ಕಿಬಿದ್ದು, ಅದೇ ಚಳಿಗಾಲದಲ್ಲಿ 1.6 ಕೋಟಿ ಡಾಲರಿನ ಕರಾರು ಪಡೆದರು. ಜಾನಿ ಪೆರಾಲ್ಟ 2013ರಲ್ಲಿ 50 ಪಂದ್ಯ ಹೊರಗಿದ್ದು ಕೆಲವೇ ತಿಂಗಳಲ್ಲಿ 5.3 ಕೋಟಿಯ ಕರಾರಿಗೆ ಸಹಿ ಹಾಕಿದರು. ಜ್ಯೂರಿಕ್ಸನ್ ಪ್ರೊಫಾರ್ 4.2 ಕೋಟಿಯ ಕರಾರಾದ ಎರಡೇ ತಿಂಗಳಲ್ಲಿ, 2025ರ ಮಾರ್ಚ್ ಕೊನೆಗೆ, ಎಚ್‌ಸಿಜಿ ಹಾರ್ಮೋನಿಗೆ 80 ಪಂದ್ಯ ಕಳೆದುಕೊಂಡರು. ಇದನ್ನು ನೋಡಿ ಕರಾರೇ ರದ್ದಾಗಲಿ ಎಂದು ಅಭಿಮಾನಿಗಳು ಕೂಗುತ್ತಾರೆ. ನಾವು ಹಾಗೆ ಕೇಳುವುದಿಲ್ಲ. ಹಾಗೆ ಮಾಡಿದರೆ ವಯಸ್ಸಾದ ಆಟಗಾರನ ದುಬಾರಿ ಕರಾರಿನಿಂದ ತಪ್ಪಿಸಿಕೊಳ್ಳಲು ಕ್ಲಬ್ಬಿಗೆ ಒಂದು ಬಾಟಲಿ ಮೂತ್ರ ಸಾಕಾಗುತ್ತದೆ. ಸಂಘ ಅದನ್ನು ವಿರೋಧಿಸುವುದು ಸರಿಯಾಗಿಯೇ ಇದೆ.

ನಮಗೆ ಕಾಣುವ ಅನ್ಯಾಯ ಇನ್ನೊಂದು ಕಡೆ ಇದೆ. ಕಳೆದುಕೊಂಡ ಆ ಸಂಬಳ ಎಲ್ಲಿ ಹೋಗುತ್ತದೆ? ಎಲ್ಲಿಗೂ ಇಲ್ಲ, ಕ್ಲಬ್ಬಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ರಾಬಿನ್ಸನ್ ಕನೋ 2020ರ ನವೆಂಬರಿನಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೀರಾಯ್ಡಿನಿಂದಾಗಿ ಎರಡನೇ ಸಲ ಸಿಕ್ಕಾಗ 2021ರ ಇಡೀ ವರ್ಷದ 2.4 ಕೋಟಿ ಡಾಲರ್ ಬಿಟ್ಟುಕೊಟ್ಟರು. ಅದರಲ್ಲಿ ಬಹುಪಾಲು ಕ್ಲಬ್ಬಿಗೆ ಉಳಿತಾಯ, ಜೊತೆಗೆ ಐಷಾರಾಮಿ ತೆರಿಗೆಯ (ಸಂಬಳದ ಮೊತ್ತ ಮಿತಿ ದಾಟಿದ ಕ್ಲಬ್ ಲೀಗಿಗೆ ಕಟ್ಟುವ ದಂಡ) ಲೆಕ್ಕದಿಂದಲೂ ಆ ವರ್ಷಕ್ಕೆ ವಿನಾಯಿತಿ. ಆಟಗಾರನ ಹೋಂರನ್ನುಗಳಿಗೆ ಟಿಕೆಟ್ ಮಾರಿದ್ದು ಕ್ಲಬ್, ಅವನು ಸಿಕ್ಕಿಬಿದ್ದಾಗ ದುಡ್ಡು ಉಳಿಸಿಕೊಂಡದ್ದೂ ಕ್ಲಬ್. ತನ್ನ ಆಟಗಾರ ಏನು ತೆಗೆದುಕೊಳ್ಳುತ್ತಾನೆಂದು ವಿಚಾರಿಸುವ ಆಸಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಅಮಾನತಿನ ಸಂಬಳವಷ್ಟನ್ನೂ ಕ್ಲಬ್ ಹೊರಗೆ ಕಟ್ಟಲಿ: ಅರ್ಧ ಪಾಲು 2008ರಲ್ಲಿ ನೀವೂ ಸೇರಿ ಕಟ್ಟಿದ ಪಾರ್ಟ್‌ನರ್‌ಶಿಪ್ ಫಾರ್ ಕ್ಲೀನ್ ಕಾಂಪಿಟಿಶನ್ ಸಂಸ್ಥೆಯ ಸಂಶೋಧನೆಗೆ, ಇನ್ನರ್ಧ ಮುಂದೆ ಹೇಳುವ ಹುಡುಗರಿಗೆ. ತೆರಿಗೆಯ ಲೆಕ್ಕದಲ್ಲೂ ಆ ಮೊತ್ತ ಉಳಿಯಲಿ.

ಆ ಹುಡುಗರು ದೊಮಿನಿಕನ್ ಗಣರಾಜ್ಯದವರು. ಅಲ್ಲಿ 16 ತುಂಬಿದವನು ಕ್ಲಬ್ಬಿನೊಂದಿಗೆ ಸಹಿ ಹಾಕಬಹುದು, ಆದರೆ ಬಾಯಿಮಾತಿನ ಒಪ್ಪಂದಗಳು 13-14ಕ್ಕೇ ಮುಗಿದಿರುತ್ತವೆ. ನಡುವೆ ಇರುವವನು ಬುಸ್ಕೋನ್ ಎಂದು ಕರೆಸಿಕೊಳ್ಳುವ ತರಬೇತುದಾರ. ಹುಡುಗನಿಗೆ ಊಟ ಹಾಕಿ, ಆಟ ಕಲಿಸಿ, ಸಹಿಯ ಹಣದಲ್ಲಿ ಮೂರನೇ ಒಂದು ಭಾಗವನ್ನೋ ಇನ್ನೂ ಹೆಚ್ಚನ್ನೋ ಅವನು ತೆಗೆದುಕೊಳ್ಳುತ್ತಾನೆ. ಎಲ್ಲರೂ ಕೆಟ್ಟವರಲ್ಲ, ಅವರಿಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಮೈದಾನವೇ ಸಿಗುತ್ತಿರಲಿಲ್ಲ. ಆದರೆ ಆಯ್ಕೆಗಾರರ ಮುಂದೆ ಓಡುವ ದಿನ ಅರ್ಧ ಸೆಕೆಂಡು ಕಡಿಮೆಯಾದರೆ, ಎಸೆತ ಗಂಟೆಗೆ ಐದು ಮೈಲಿ ಏರಿದರೆ, ಬೆಲೆ ಹತ್ತು ಪಟ್ಟಾಗುವ ವ್ಯಾಪಾರವಿದು. ದೊಮಿನಿಕನ್ ಸಮ್ಮರ್ ಲೀಗಿನಿಂದ ವರ್ಷವರ್ಷವೂ ಬರುವ ಅಮಾನತಿನ ಪಟ್ಟಿಗಳಲ್ಲಿ ಪದೇಪದೇ ಕಾಣುವ ಹೆಸರುಗಳು ಬೋಲ್ಡಿನೋನ್, ನ್ಯಾಂಡ್ರೊಲೋನ್, ಸ್ಟಾನೊಜೊಲಾಲ್. ಬೋಲ್ಡಿನೋನ್ ತಯಾರಾಗುವುದು ಕುದುರೆಗಳಿಗೆಂದು. ಹದಿನೇಳರ ಹುಡುಗ ಅದನ್ನು ತಾನೇ ಓದಿ ಆರಿಸಿಕೊಂಡ ಎಂದು ನಂಬುವುದು ಕಷ್ಟ. ಎಲುಬಿನ ತುದಿಗಳು ಇನ್ನೂ ಮುಚ್ಚಿಕೊಳ್ಳದ ವಯಸ್ಸಿನಲ್ಲಿ ಸ್ಟೀರಾಯ್ಡ್ ಬಿದ್ದರೆ ಅವು ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲಬಹುದು. ತನ್ನ ಟೆಸ್ಟೋಸ್ಟಿರಾನ್ ತಯಾರಿಕೆಯನ್ನು ದೇಹ ನಿಲ್ಲಿಸಿಬಿಡುತ್ತದೆ.

ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಹುಡುಗನ ಹೆಸರು ಪ್ರಕಟವಾಗುತ್ತದೆ, ಸೂಜಿ ಹಿಡಿದವನ ಹೆಸರಲ್ಲ. ಅಷ್ಟರಲ್ಲಿ ತರಬೇತುದಾರನ ಪಾಲಿನ ಹಣ ಅವನ ಕೈ ಸೇರಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಹಿಗೆ ಮೊದಲು ಎರಡು ಸಲ, ಮೂರು ತಿಂಗಳ ಅಂತರದಲ್ಲಿ, ಕಮಿಷನರ್ ಕಚೇರಿಯ ಖರ್ಚಿನಲ್ಲಿ ಪರೀಕ್ಷೆ ನಡೆಯಲಿ. 16 ತುಂಬದವನು ಸಿಕ್ಕರೆ ಹೆಸರು ಹೊರಬರದಿರಲಿ, ವೈದ್ಯರ ಬಳಿ ಕಳಿಸಲಿ. ತರಬೇತುದಾರನ ಪಾಲನ್ನು ಒಂದು ವರ್ಷ ಮೂರನೆಯವರ ಖಾತೆಯಲ್ಲಿಟ್ಟು, ಆ ವರ್ಷದೊಳಗೆ ಹುಡುಗನ ಪರೀಕ್ಷೆ ಕೆಟ್ಟರೆ ಪಾಲು ಅವನಿಗೆ ಹೋಗದಿರಲಿ. ಈ ಷರತ್ತು ಒಪ್ಪದ ತರಬೇತುದಾರನ ಹುಡುಗರನ್ನು ನೋಡಲು ಯಾವ ಕ್ಲಬ್ಬಿನ ಆಯ್ಕೆಗಾರನೂ ಹೋಗಬಾರದು ಎಂದು ಆದೇಶ ಹೊರಡಿಸುವ ಅಧಿಕಾರ ಕಮಿಷನರ್ ಅವರಿಗೆ ಇದೆ.

ಮೂರನೆಯದು, ತೀರ್ಪುಗಳನ್ನು ಬಯಲಿನಲ್ಲಿಡಿ. 2022ರ ಆಗಸ್ಟಿನಲ್ಲಿ 34 ಕೋಟಿ ಡಾಲರ್ ಕರಾರಿನ ಫರ್ನಾಂಡೊ ಟಟಿಸ್ ಜೂನಿಯರ್ ಕ್ಲಾಸ್ಟಿಬಾಲ್ ಎಂಬ ಸ್ಟೀರಾಯ್ಡಿನಿಂದಾಗಿ ಸಿಕ್ಕಿಬಿದ್ದರು. ಗಜಕರ್ಣಕ್ಕೆ ಹಚ್ಚಿದ ಔಷಧದಿಂದ ಬಂತು ಎಂದರು. ನಿಜವೋ ಸುಳ್ಳೋ? ಎಷ್ಟು ಪ್ರಮಾಣ ಸಿಕ್ಕಿತ್ತು, ಯಾವ ಮುಲಾಮು, ಎಲ್ಲಿ ಕೊಂಡದ್ದು, ಯಾವುದೂ ನಿಮ್ಮ ಪ್ರಕಟಣೆಯಲ್ಲಿಲ್ಲ. ಮದ್ದಿನ ಹೆಸರು, ದಿನಗಳ ಲೆಕ್ಕ, ಮುಗಿಯಿತು. ಇದೇ ಕ್ಲಾಸ್ಟಿಬಾಲ್ 2024ರಲ್ಲಿ ಟೆನಿಸ್‌ನ ಯಾನಿಕ್ ಸಿನ್ನರ್ ಮಾದರಿಯಲ್ಲಿ ಸಿಕ್ಕಾಗ, ಫಿಸಿಯೊ ತನ್ನ ಬೆರಳಿನ ಗಾಯಕ್ಕೆ ಹಾಕಿದ ಸ್ಪ್ರೇಯಿಂದ ಅದು ಹೇಗೆ ದಾಟಿತು ಎಂಬ ವಾದವನ್ನು ತಜ್ಞರ ಅಭಿಪ್ರಾಯ ಸಮೇತ ನ್ಯಾಯಮಂಡಳಿ ಪ್ರಕಟಿಸಿತು. ಒಪ್ಪುವವರು ಒಪ್ಪಿದರು, ಜಗಳವಾಡುವವರು ಓದಿ ಜಗಳವಾಡಿದರು.

ಕರ್ನಾಟಕದವರಿಗೆ ಈ ಪಾಠ ಮೊದಲೇ ಆಗಿದೆ. ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು, 2011ರಲ್ಲಿ ಮೆಥಾಂಡೈಯಿನೋನ್ ಎಂಬ ಸ್ಟೀರಾಯ್ಡಿನಿಂದಾಗಿ ಸಿಕ್ಕಿಬಿದ್ದರು. ತರಬೇತುದಾರ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಬಂದದ್ದು ಎಂಬುದು ಅಶ್ವಿನಿ ಮತ್ತು ಜೊತೆಯಲ್ಲಿ ಸಿಕ್ಕಿಬಿದ್ದ ಓಟಗಾರ್ತಿಯರ ವಾದ. ಇಲ್ಲಿ ಒಂದು ವರ್ಷದ ನಿಷೇಧ ಬಿತ್ತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು: ಕೊಟ್ಟವರು ಯಾರೇ ಆಗಲಿ, ನುಂಗುವ ಮುನ್ನ ವಿಚಾರಿಸುವ ಹೊಣೆ ನುಂಗುವವರದು. ತೀರ್ಪು ನಮಗೆ ನೋವು ತಂದಿತು. ಆದರೆ ಕಾರಣಗಳನ್ನು ಓದಬಹುದಿತ್ತು. ನಿಮ್ಮ ಮಧ್ಯಸ್ಥಗಾರರ ತೀರ್ಪುಗಳನ್ನು, ವೈದ್ಯಕೀಯ ಖಾಸಗಿ ವಿವರ ತೆಗೆದು, 30 ದಿನದೊಳಗೆ ಪ್ರಕಟಿಸಿ. ಮೇಲ್ಮನವಿ ಸಲ್ಲಿಸದೆ ಶಿಕ್ಷೆ ಒಪ್ಪಿಕೊಂಡವರ ವಿಷಯದಲ್ಲೂ ಪ್ರಯೋಗಾಲಯದ ಅಳತೆ ಹೊರಬರಲಿ. ನಿಜವಾಗಿ ಮುಲಾಮಿನಿಂದ ಸಿಕ್ಕಿಬಿದ್ದವನಿಗೆ ಅದೇ ರಕ್ಷಣೆ.

ಇದೇ ಉಸಿರಿನಲ್ಲಿ ಇನ್ನೊಂದು. ಆಂಫೆಟಮೀನ್ 2006ರಲ್ಲಿ ನಿಷೇಧವಾಯಿತು. ಗಮನ ಕೊರತೆಯ ತೊಂದರೆಗೆಂದು ಉತ್ತೇಜಕ ಔಷಧ ಸೇವಿಸಲು ಆ ವರ್ಷ 28 ಜನರಿಗೆ ವಿನಾಯಿತಿ ಇತ್ತು, ಮರುವರ್ಷ 103. ಒಂದೇ ವರ್ಷದಲ್ಲಿ ಅಷ್ಟು ಜನರ ಗಮನ ಹೇಗೆ ಕೊರತೆಯಾಯಿತೋ! ನಿಜವಾದ ರೋಗಿಗಳೂ ಅವರಲ್ಲಿ ಇದ್ದಾರು, ಅವರ ಮಾತ್ರೆ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ವಿನಾಯಿತಿಯ ಅರ್ಜಿಗಳಲ್ಲಿ ಐದರಲ್ಲೊಂದನ್ನು ನಿಮ್ಮಿಬ್ಬರಿಗೂ ಸಂಬಂಧವಿಲ್ಲದ ವೈದ್ಯರು ಹೆಸರು ನೋಡದೆ ಮರುಪರಿಶೀಲಿಸಲಿ, ಎಷ್ಟು ಬಿದ್ದುಹೋದವು ಎಂಬ ಸಂಖ್ಯೆ ವಾರ್ಷಿಕ ವರದಿಯಲ್ಲಿ ಸೇರಲಿ.

ಈ ಬೇಡಿಕೆಗಳಲ್ಲಿ ಕೆಲವಕ್ಕೆ ತಿಂಗಳುಗಟ್ಟಲೆ ಮಾತುಕತೆ ಬೇಕು ಎಂಬುದನ್ನು ಒಪ್ಪುತ್ತೇವೆ. ಮೊದಲನೆಯದಕ್ಕೆ ಬೇಡ. ಸಂಬಳದ ಪ್ರಶ್ನೆ ಬಗೆಹರಿಯುವವರೆಗೆ ಅದನ್ನು ಚೌಕಾಸಿಯ ದಾಳವಾಗಿ ಎರಡೂ ಕಡೆಯವರು ಕೈಯಲ್ಲಿ ಬಚ್ಚಿಟ್ಟುಕೊಳ್ಳುವುದು ಬೇಡ. ಋತುವಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಮೊದಲ ಪಂದ್ಯಕ್ಕೆ ಮುಂಚೆ ಆ ಒಂದು ಪುಟದ ಪೂರಕ ಪತ್ರವನ್ನು, ಎರಡೂ ಸಹಿಗಳೊಂದಿಗೆ, ಸಾರ್ವಜನಿಕವಾಗಿ ಪ್ರಕಟಿಸಿ. ಸಹಿ ಹಾಕಲು ಒಪ್ಪದವರು ಯಾರು, ಯಾವ ಕಾರಣಕ್ಕೆ ಎಂಬುದನ್ನಾದರೂ ಅದೇ ದಿನ ಪ್ರಕಟಿಸಿ.

ವಂದನೆಗಳೊಂದಿಗೆ,
ಇಂತಿ,
ಬೇಸ್‌ಬಾಲ್ ನೋಡುವ, ಸ್ಕೋರ್ ಬರೆದಿಡುವ ಕೆಲವು ಕನ್ನಡಿಗರು